ಬಿ.ಪಿ. ಮಾತ್ರೆ ಬಿಟ್ಟು ಬಾಳೆದಿಂಡಿನ ರಸ ಕುಡಿದರೆ ಕಿಡ್ನಿ ಉಳಿಯುತ್ತದೆಯೇ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ರೈತ. ವಯಸ್ಸು 46. ಮೆಕ್ಕೆಜೋಳ, ಶೇಂಗಾ ಬೆಳೆಯುತ್ತೇನೆ. ನಮ್ಮ ತಂದೆಯವರು ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡು ತೀರಿಕೊಂಡರು. ನನಗೆ ನಾಲ್ಕು ವರ್ಷಗಳಿಂದ ಬಿ.ಪಿ. ಇದೆ. ಟೆಲ್ಮಿಸಾರ್ಟಾನ್ ಜೊತೆಗೆ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿರುವ ಮಾತ್ರೆಯನ್ನು ಕೊಟ್ಟಿದ್ದರು. ಬಿ.ಪಿ. ಮಾತ್ರೆಯಿಂದಲೇ ತಂದೆಯವರ ಕಿಡ್ನಿ ಹೋಯಿತೆಂದು ಸಂಬಂಧಿಕರು ಹೇಳಿದ್ದರಿಂದ ಐದು ತಿಂಗಳ ಹಿಂದೆ ಅದನ್ನು ಬಿಟ್ಟೆ. ಈಗ ಬೆಳಿಗ್ಗೆ ಬಾಳೆದಿಂಡಿನ ರಸ, ದಿನಕ್ಕೆ ಆರು ಲೀಟರ್ ನೀರು ಕುಡಿಯುತ್ತಿದ್ದೇನೆ. ಸೊಂಟ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ಮಾತ್ರೆಯನ್ನು ವಾರಕ್ಕೆ ಮೂರ್ನಾಲ್ಕು ಬಾರಿ ನುಂಗುತ್ತೇನೆ. ಕಳೆದ ವಾರದ ಪರೀಕ್ಷೆಯಲ್ಲಿ ಬಿ.ಪಿ. 158/96, ಕ್ರಿಯಾಟಿನಿನ್ 1.3 ಇತ್ತು. ಕ್ರಿಯಾಟಿನಿನ್ ನಾರ್ಮಲ್ ಎಂದು ಲ್ಯಾಬಿನವರು ಹೇಳಿದರು, ಆದರೆ ಮೂತ್ರದಲ್ಲಿ ನೊರೆ ಬರುತ್ತಿದೆ. ಈ ಸೊಂಟ ನೋವು ಕಿಡ್ನಿಯದ್ದೇ? ಬೋರ್‌ವೆಲ್ ನೀರು ಬಿಟ್ಟು ಆರ್‌ಒ ಯಂತ್ರ ಹಾಕಿಸಬೇಕೇ? ಬೇಳೆ, ಟೊಮೆಟೊ ಬಿಡಬೇಕೇ? ಜಿಮ್‌ಗೆ ಹೋಗುವ 20 ವರ್ಷದ ಮಗ ಪ್ರೋಟೀನ್ ಪುಡಿ ತಿನ್ನುತ್ತಾನೆ, ಅದರಿಂದ ಅಪಾಯವಿದೆಯೇ?

ಉತ್ತರ: ತಂದೆಯವರನ್ನು ಡಯಾಲಿಸಿಸ್ ಹಾಸಿಗೆಯ ಮೇಲೆ ನೋಡಿದ ಮಗನಿಗೆ ತನ್ನ ಕಿಡ್ನಿಯ ಬಗ್ಗೆ ಹೆದರಿಕೆ ಹುಟ್ಟುವುದು ಸಹಜ. ನಿಮ್ಮ ಹೆದರಿಕೆ ಆಧಾರವಿಲ್ಲದ್ದೂ ಅಲ್ಲ, ಏಕೆಂದರೆ ಹೆತ್ತವರಲ್ಲಿ ಅಥವಾ ಒಡಹುಟ್ಟಿದವರಲ್ಲಿ ಕಿಡ್ನಿ ವೈಫಲ್ಯವಿದ್ದರೆ ಉಳಿದವರಿಗೂ ಅಪಾಯ ಸ್ವಲ್ಪ ಹೆಚ್ಚು. ಆದರೆ ಆ ಹೆದರಿಕೆಯಲ್ಲಿ ನೀವು ಬಿಡಬಾರದ ಮಾತ್ರೆಯನ್ನು ಬಿಟ್ಟಿದ್ದೀರಿ, ಬಿಡಬೇಕಾದ ಮಾತ್ರೆಯನ್ನು ಉಳಿಸಿಕೊಂಡಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದ ಸಂಗತಿ ಇದು. ನೀರು, ಬಾಳೆದಿಂಡು, ಟೊಮೆಟೊಗಳದ್ದು ಅದರ ಮುಂದೆ ಸಣ್ಣ ವಿಷಯ.

ಬಿ.ಪಿ. ಮಾತ್ರೆ ಕಿಡ್ನಿಯನ್ನು ಹಾಳು ಮಾಡುತ್ತದೆ ಎಂಬ ಮಾತನ್ನು ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬರುವ ರೋಗಿಗಳ ಬಾಯಲ್ಲಿ ನಾನು ಸದಾ ಕೇಳುತ್ತಿರುತ್ತೇನೆ. ಈ ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಕಿಡ್ನಿ ಕಾಯಿಲೆಯವರೆಲ್ಲರ ಕೈಯಲ್ಲೂ ಬಿ.ಪಿ. ಮಾತ್ರೆಯ ಚೀಟಿ ಇರುತ್ತದೆ. ಮಾತ್ರೆ ಮೊದಲು ಬಂತು, ಡಯಾಲಿಸಿಸ್ ಆಮೇಲೆ ಬಂತು, ಆದ್ದರಿಂದ ಮಾತ್ರೆಯೇ ಕಾರಣವೆಂದು ಮನೆಯವರು ತೀರ್ಮಾನಿಸುತ್ತಾರೆ. ನಿಜವಾಗಿ ಹತೋಟಿಯಿಲ್ಲದ ರಕ್ತದೊತ್ತಡ ಕಿಡ್ನಿಯನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ರಕ್ತದೊತ್ತಡವನ್ನು ಇನ್ನಷ್ಟು ಏರಿಸುತ್ತದೆ, ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತಾ ಹೋಗುತ್ತದೆ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕ ಘಟಕಗಳಿದ್ದು, ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಬಹುಪಾಲನ್ನು ಮತ್ತೆ ರಕ್ತಕ್ಕೆ ಮರಳಿಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಈ ಘಟಕಗಳ ಒಳಗಿನ ರಕ್ತನಾಳಗಳು ಕೂದಲಿಗಿಂತ ಸಣ್ಣವು. ವರ್ಷಗಟ್ಟಲೆ ಹೆಚ್ಚಿನ ಒತ್ತಡದ ರಕ್ತ ಹರಿದರೆ ಅವು ಗಟ್ಟಿಯಾಗಿ ಒಂದೊಂದಾಗಿ ಮುಚ್ಚಿಹೋಗುತ್ತವೆ, ಮತ್ತೆ ಹುಟ್ಟುವುದಿಲ್ಲ.

ನಿಮಗೆ ಕೊಟ್ಟಿದ್ದ ಟೆಲ್ಮಿಸಾರ್ಟಾನ್ ಶೋಧಕದಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸಿ ಒಳಗಿನ ಒತ್ತಡವನ್ನು ಇಳಿಸುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುವವರಲ್ಲಿ ಕಿಡ್ನಿ ಕಾಯಲು ಮೊದಲು ಬರೆಯುವ ಔಷಧಿಗಳ ಗುಂಪಿಗೇ ಅದು ಸೇರಿದೆ. ಇದನ್ನು ಆರಂಭಿಸಿದ ಮೊದಲ ವಾರಗಳಲ್ಲಿ, ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ ಸ್ವಲ್ಪ ಏರಬಹುದು. ಶೇ 30ರ ಒಳಗಿನ ಏರಿಕೆಯಾದರೆ ಅದು ಒಳಗಿನ ಒತ್ತಡ ಇಳಿದುದರ ಪರಿಣಾಮವೇ ಹೊರತು ಹಾನಿಯಲ್ಲ, ಆದರೆ ಆ ಏರಿಕೆಯನ್ನು ಕಂಡು ಹೆದರಿ ಮಾತ್ರೆ ಬಿಡುವವರು ಬಹಳ. ಔಷಧಿಗೆ ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪೊಟ್ಯಾಶಿಯಂ ಏರಬಹುದು, ಆದ್ದರಿಂದ ಶುರು ಮಾಡಿದ ಒಂದೆರಡು ವಾರಗಳಲ್ಲಿ ರಕ್ತಪರೀಕ್ಷೆ ಅಗತ್ಯ. ವಾಂತಿ ಭೇದಿಯಾಗಿ ನೀರು ಕಳೆದುಕೊಂಡ ದಿನಗಳಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂಬುದನ್ನು ಮೊದಲೇ ವೈದ್ಯರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಂಡಿರುವುದು ಒಳ್ಳೆಯದು.

ಇನ್ನು ಡೈಕ್ಲೋಫೆನಾಕ್. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಇವೆಲ್ಲ ಒಂದೇ ಕುಟುಂಬದ ನೋವಿನ ಮಾತ್ರೆಗಳು. ದೇಹದಲ್ಲಿ ನೀರು ಕಡಿಮೆಯಾದಾಗ, ಬಿಸಿಲಿನಲ್ಲಿ ಬೆವರಿ ದಣಿದಾಗ, ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗದಂತೆ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಒಳಬರುವ ನಾಳವನ್ನು ತೆರೆದು ಹಿಡಿದಿರುತ್ತವೆ. ಈ ಮಾತ್ರೆಗಳು ನೋವು ಕಡಿಮೆ ಮಾಡುವುದು ಅದೇ ರಾಸಾಯನಿಕಗಳನ್ನು ತಡೆಯುವ ಮೂಲಕ. ಆದ್ದರಿಂದ ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ದುಡಿದು ಸಂಜೆ ಸೊಂಟ ಹಿಡಿದುಕೊಂಡಿತೆಂದು ಮಾತ್ರೆ ನುಂಗುವವರು, ಕಿಡ್ನಿಗೆ ರಕ್ತ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದರ ದಾರಿಯನ್ನು ಕಿರಿದು ಮಾಡುತ್ತಾರೆ. ಇವು ಉಪ್ಪನ್ನೂ ನೀರನ್ನೂ ದೇಹದಲ್ಲಿ ಹಿಡಿದಿಡುವುದರಿಂದ ಬಿ.ಪಿ. ಏರಿಸುತ್ತವೆ, ನಿಮ್ಮ 158ರಲ್ಲಿ ಇವುಗಳ ಪಾಲೂ ಇರಬಹುದು. ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸಿರುವಾಗ, ಮೂತ್ರ ಹೆಚ್ಚಿಸುವ ಔಷಧಿ ನೀರನ್ನು ಕಡಿಮೆ ಮಾಡಿರುವಾಗ, ಡೈಕ್ಲೋಫೆನಾಕ್ ಒಳಬರುವ ನಾಳವನ್ನೂ ಬಿಗಿದರೆ, ಈ ಮೂರೂ ಸೇರಿ ಕೆಲವೇ ದಿನಗಳಲ್ಲಿ ಕಿಡ್ನಿಯನ್ನು ನಿಲ್ಲಿಸಿಬಿಡಬಲ್ಲವು. ನೀವು ಬಿ.ಪಿ. ಮಾತ್ರೆಯನ್ನು ಮತ್ತೆ ಶುರು ಮಾಡುವ ಮುನ್ನ ನೋವಿನ ಮಾತ್ರೆಯನ್ನು ಬಿಡಲೇಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ, ಮತ್ತು ಈ ಚಟದ ಬಗ್ಗೆ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಸಿಗುವುದರಿಂದ ನಮ್ಮ ಜನ ಇದನ್ನು ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಬೇರೆ ಏನು ಮಾತ್ರೆ ತಗೊಳ್ತೀರಿ’ ಎಂದರೆ ‘ಏನೂ ಇಲ್ಲ ಸಾರ್’ ಎನ್ನುವವರ ಅಂಗಿಯ ಜೇಬಿನಲ್ಲೇ ನೋವಿನ ಮಾತ್ರೆಯ ಸ್ಟ್ರಿಪ್ ಇರುತ್ತದೆ.

ನಿಮ್ಮ ಸೊಂಟ ನೋವು ಕಿಡ್ನಿಯದ್ದಾಗಿರುವ ಸಾಧ್ಯತೆ ಬಹಳ ಕಡಿಮೆ. ದೀರ್ಘಕಾಲದ ಕಿಡ್ನಿ ಕಾಯಿಲೆ ನೋವಿಲ್ಲದೆ ಬರುತ್ತದೆ, ಆದ್ದರಿಂದಲೇ ತಡವಾಗಿ ಗೊತ್ತಾಗುತ್ತದೆ. ಕಲ್ಲಿನ ನೋವಾದರೆ ಪಕ್ಕೆಯಿಂದ ತೊಡೆಸಂದಿನ ಕಡೆಗೆ ಅಲೆಅಲೆಯಾಗಿ ಬಂದು ಮನುಷ್ಯ ಕೂರಲಾರದೆ ನಿಲ್ಲಲಾರದೆ ಒದ್ದಾಡುತ್ತಾನೆ. ಬಗ್ಗಿ ಕಳೆ ಕಿತ್ತಾಗ, ಚೀಲ ಎತ್ತಿದಾಗ ಹೆಚ್ಚಾಗಿ, ಮಲಗಿದರೆ ಕಡಿಮೆಯಾಗುವ ನೋವು ಸ್ನಾಯುವಿನದು ಅಥವಾ ಬೆನ್ನೆಲುಬಿನದು. ಅದಕ್ಕೆ ಬಿಸಿ ಶಾಖ, ಬೆನ್ನಿನ ಸ್ನಾಯುಗಳಿಗೆ ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮ, ಅಗತ್ಯವಿದ್ದ ದಿನ ಪ್ಯಾರಾಸಿಟಮಾಲ್ ಸೂಕ್ತ. ಪ್ಯಾರಾಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಕಿಡ್ನಿಗೆ ಹೆಚ್ಚು ಸುರಕ್ಷಿತ, ಆದರೆ ಪ್ರಮಾಣ ಮೀರಿದರೆ ಯಕೃತ್ತಿಗೆ ಅಪಾಯ, ಮದ್ಯಪಾನದ ಅಭ್ಯಾಸವಿರುವವರಿಗೆ ಇನ್ನೂ ಹೆಚ್ಚು. ಮೇಲೆ ಹಚ್ಚುವ ನೋವಿನ ಜೆಲ್‌ನಿಂದ ರಕ್ತಕ್ಕೆ ಸೇರುವ ಔಷಧಿ ಅಲ್ಪ. ಕಾಲಿಗೆ ಜೋಮು, ಶಕ್ತಿ ಕಡಿಮೆಯಾಗುವುದು, ಮಲಮೂತ್ರದ ಹತೋಟಿ ತಪ್ಪುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಮೂಳೆ ತಜ್ಞರನ್ನು ತಡಮಾಡದೆ ಕಾಣಬೇಕು.

ಈಗ ಕ್ರಿಯಾಟಿನಿನ್ 1.3ರ ಮಾತು. ಲ್ಯಾಬಿನವರು ನಾರ್ಮಲ್ ಎಂದದ್ದು ಅವರ ವರದಿಯ ಬದಿಯಲ್ಲಿ ಅಚ್ಚಾದ ಮಿತಿಯನ್ನು ನೋಡಿ. ಕ್ರಿಯಾಟಿನಿನ್ ಸ್ನಾಯುಗಳಿಂದ ಹುಟ್ಟುವ ತ್ಯಾಜ್ಯ. ಮೈಕಟ್ಟು, ವಯಸ್ಸು, ಲಿಂಗ ಇವುಗಳ ಮೇಲೆ ಅದರ ಅರ್ಥ ಬದಲಾಗುತ್ತದೆ. ಆದ್ದರಿಂದ ಅದನ್ನು ಸೂತ್ರಕ್ಕೆ ಹಾಕಿ ಇ-ಜಿಎಫ್‌ಆರ್ ಎಂಬ ಅಂದಾಜು ಸೋಸುವಿಕೆಯ ದರವನ್ನು ಲೆಕ್ಕ ಹಾಕುತ್ತೇವೆ. ಇಂದು ಹೆಚ್ಚು ಬಳಕೆಯಲ್ಲಿರುವ 2021ರ ಸೂತ್ರದ ಪ್ರಕಾರ 46 ವರ್ಷದ ಗಂಡಸಿಗೆ 1.3 ಎಂದರೆ ಸುಮಾರು 68, ಅದೇ 1.3 ನಿಮ್ಮ ತಾಯಿಯ ವಯಸ್ಸಿನ, 65 ವರ್ಷದ ಹೆಂಗಸಿಗೆ ಸುಮಾರು 45. ನಿಮ್ಮದು ಸ್ವಲ್ಪ ಕಡಿಮೆ, ಅವರದ್ದು ಮಧ್ಯಮ ಹಂತದ ಕಾಯಿಲೆ, ಆದರೂ ಎರಡೂ ಚೀಟಿಗಳಲ್ಲಿ ಬರೆದಿರುವ ಅಂಕಿ ಒಂದೇ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಈ ದರ 60ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಸಂಖ್ಯೆ ಚೆನ್ನಾಗಿದ್ದರೂ ಮೂತ್ರದಲ್ಲಿ ಆಲ್ಬುಮಿನ್ ಸೋರಿಕೆಯಂತಹ ಹಾನಿಯ ಗುರುತು ಅಷ್ಟು ಕಾಲ ಉಳಿದಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತೇವೆ. ಪರೀಕ್ಷೆಯ ಹಿಂದಿನ ರಾತ್ರಿ ಬಾಡೂಟ ಮಾಡಿದ್ದರೆ, ಮೈಮುರಿಯುವ ಕೆಲಸ ಮಾಡಿದ್ದರೆ, ನೋವಿನ ಮಾತ್ರೆ ನುಂಗಿದ್ದರೆ ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಏರುವುದುಂಟು.

ನೀವು ಮೊದಲು ಮಾಡಿಸಬೇಕಾದದ್ದು ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ. ಬೆಳಗಿನ ಮೊದಲ ಮೂತ್ರವಾದರೆ ಉತ್ತಮ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಆಲ್ಬುಮಿನ್ 30 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಸಹಜ, 30ರಿಂದ 300 ಎಚ್ಚರಿಕೆಯ ವಲಯ, 300 ಮೀರಿದರೆ ತಜ್ಞರ ನಿಗಾ ಬೇಕು. ಎತ್ತರದಿಂದ ರಭಸವಾಗಿ ಬಿದ್ದ ಮೂತ್ರದಲ್ಲಿ ನೊರೆಯಾಗುವುದು ಸಾಮಾನ್ಯ. ಸೋಪಿನ ನೊರೆಯಂತೆ ಹೊತ್ತು ಕಳೆದರೂ ಆರದೆ, ದಿನದಿನವೂ ಕಾಣಿಸಿದರೆ ಪ್ರೋಟೀನ್ ಸೋರುತ್ತಿರಬಹುದು. ಕಣ್ಣಳತೆಯಲ್ಲಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಜ್ವರವಿದ್ದಾಗ, ಮೈದಣಿದ ಮರುದಿನ ಈ ಪರೀಕ್ಷೆ ಮಾಡಿಸಬೇಡಿ. ಹೆಚ್ಚು ಬಂದರೆ ಮೂರರಿಂದ ಆರು ತಿಂಗಳ ಅವಧಿಯಲ್ಲಿ ಇನ್ನೆರಡು ಬಾರಿ ಮಾಡಿಸಿ ದೃಢಪಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯ ಬಗ್ಗೆ ನೀವು ಒಂದಕ್ಷರವನ್ನೂ ಬರೆದಿಲ್ಲ, ಆದ್ದರಿಂದ ಎಚ್‌ಬಿಎ1ಸಿ ಪರೀಕ್ಷೆಯೂ ಇರಲಿ, ಏಕೆಂದರೆ ಡಯಾಲಿಸಿಸ್‌ಗೆ ಬರುವವರಲ್ಲಿ ಸಕ್ಕರೆ ಮತ್ತು ಬಿ.ಪಿ. ಇವೆರಡೇ ಮುಖ್ಯ ಕಾರಣಗಳು. ತಂದೆಯವರ ಹಳೆಯ ಫೈಲ್ ಮನೆಯಲ್ಲಿದ್ದರೆ ತೆಗೆದು ನೋಡಿ. ಅವರ ಸ್ಕ್ಯಾನ್ ವರದಿಯಲ್ಲಿ ಎರಡೂ ಕಿಡ್ನಿಗಳಲ್ಲಿ ಹಲವು ನೀರ್ಗುಳ್ಳೆಗಳಿದ್ದವೆಂದು ಬರೆದಿದ್ದರೆ ಅದು ವಂಶಪಾರಂಪರ್ಯದ ಕಾಯಿಲೆಯಾಗಿರಬಹುದು, ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಾಧ್ಯತೆ ಶೇ 50. ಆಗ ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಒಂದು ಅಲ್ಟ್ರಾಸೌಂಡ್ ಸ್ಕ್ಯಾನ್ ಆಗಬೇಕು.

ನೀರಿನ ಬಗ್ಗೆ ನಮ್ಮಲ್ಲಿರುವಷ್ಟು ಭಕ್ತಿ ಬೇರೆ ಯಾವ ಆರೋಗ್ಯ ಸಲಹೆಯ ಬಗ್ಗೆಯೂ ಇಲ್ಲವೆನ್ನಿಸುತ್ತದೆ. ಹೆಚ್ಚು ನೀರು ಕುಡಿದರೆ ಕಿಡ್ನಿ ‘ತೊಳೆದು ಹೋಗುತ್ತದೆ’ ಎನ್ನುವುದಕ್ಕೆ ಆಧಾರವಿಲ್ಲ. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೂರನೇ ಹಂತದ ಕಿಡ್ನಿ ಕಾಯಿಲೆಯ ಒಂದು ಗುಂಪಿನವರಿಂದ ವರ್ಷವಿಡೀ ಹೆಚ್ಚು ನೀರು ಕುಡಿಸಿ ನೋಡಿದರೂ, ಕಿಡ್ನಿಯ ಶಕ್ತಿ ಕುಂದುವ ವೇಗದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಕಲ್ಲಿನ ತೊಂದರೆಯವರ ಮಾತು ಬೇರೆ. ಅವರಿಗೆ ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರವಾಗುವಂತೆ ಕುಡಿಯುವುದು ನಿಜವಾದ ಚಿಕಿತ್ಸೆ. ಉಳಿದವರಿಗೆ ಬಾಯಾರಿಕೆಯೂ ಮೂತ್ರದ ಬಣ್ಣವೂ ಸಾಕಷ್ಟು ಒಳ್ಳೆಯ ಅಳತೆಗಳು. ಮನೆಯಲ್ಲಿ ಕೂತ ದಿನ ಎರಡು ಎರಡೂವರೆ ಲೀಟರ್ ಸಾಕು, ಬೇಸಿಗೆಯಲ್ಲಿ ಹೊಲಕ್ಕೆ ಹೋದ ದಿನ ನಾಲ್ಕೂ ಬೇಕಾಗಬಹುದು. ಬೆಳಿಗ್ಗೆಯೇ ಒಟ್ಟಿಗೆ ಎರಡು ಮೂರು ಲೀಟರ್ ಸುರಿದುಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ಬಾಯಿ ಒಣಗಿಸಿಕೊಳ್ಳುವುದು ತಲೆಕೆಳಗಾದ ಲೆಕ್ಕ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆಯೂ ಬಿ.ಪಿ.ಯೂ ಇಲ್ಲದ ಯುವ ಕಾರ್ಮಿಕರಿಗೆ ಕಿಡ್ನಿ ಕಾಯಿಲೆ ಬಂದಾಗ, ಸುಡುಬಿಸಿಲಿನ ದುಡಿಮೆಯಲ್ಲಿ ಪದೇಪದೇ ನೀರು ಬತ್ತುವುದು ಪ್ರಮುಖ ಕಾರಣಗಳಲ್ಲಿ ಒಂದೆಂದು ತಜ್ಞರು ಶಂಕಿಸಿದ್ದಾರೆ. ಮಾರ್ಚ್‌ನಿಂದ ಮೇವರೆಗೆ ನಮ್ಮ ಬಯಲುಸೀಮೆಯ ಬಿಸಿಲೇನೂ ಕಡಿಮೆಯದಲ್ಲ. ಹೊಲದ ಕೆಲಸವನ್ನು ಬೆಳಿಗ್ಗೆ ಬೇಗ ಆರಂಭಿಸಿ ಹನ್ನೊಂದರೊಳಗೆ ಮುಗಿಸುವುದು, ನೆರಳಿನಲ್ಲಿ ಕೂತು ಅರ್ಧ ಗಂಟೆಗೊಮ್ಮೆ ಒಂದೊಂದು ಲೋಟ ನೀರು ಕುಡಿಯುವುದು, ತಿಳಿ ಮಜ್ಜಿಗೆಯನ್ನೋ ರಾಗಿ ಅಂಬಲಿಯನ್ನೋ ಜೊತೆಗೆ ಒಯ್ಯುವುದು ನಿಮ್ಮ ಆರು ಲೀಟರಿಗಿಂತ ಹೆಚ್ಚು ಉಪಯುಕ್ತ. ಭೇದಿಯಾದರೆ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಒಆರ್‌ಎಸ್.

ಬಾಳೆದಿಂಡು ತರಕಾರಿಯಾಗಿ ಒಳ್ಳೆಯದು. ಪಲ್ಯ, ಕೋಸಂಬರಿ ಮಾಡಿ ತಿನ್ನಿ. ಬಿ.ಪಿ.ಯಿಂದ ಆಗುವ ಕಿಡ್ನಿ ಹಾನಿಯನ್ನು ಅದರ ರಸ ತಡೆಯುವುದಿಲ್ಲ. ಕಿಡ್ನಿಯ ಶಕ್ತಿ ಬಹಳ ಕುಂದಿದವರು ದಿನಾ ಲೋಟಗಟ್ಟಲೆ ಹಸಿ ತರಕಾರಿಯ ರಸ, ಎಳನೀರು ಕುಡಿದರೆ ಪೊಟ್ಯಾಶಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಹೆಸರು, ತಯಾರಕರ ವಿಳಾಸ ಏನೂ ಇಲ್ಲದ ಪುಡಿ, ಭಸ್ಮಗಳ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ: ಇವುಗಳಲ್ಲಿ ಕೆಲವದರಲ್ಲಿ ಸೀಸ, ಪಾದರಸದಂತಹ ಲೋಹಗಳು ಸೇರಿರುವುದುಂಟು, ಕೊಟ್ಟವರು ಆಮೇಲೆ ಸಿಗುವುದಿಲ್ಲ.

ಉಪ್ಪಿನ ವಿಷಯವನ್ನು ನೀವು ಕೇಳಲೇ ಇಲ್ಲ, ಆದರೆ ನಿಮ್ಮ ಮನೆಯ ಅಡುಗೆಯಲ್ಲಿ ಬದಲಾಯಿಸಬೇಕಾದ ಒಂದೇ ಒಂದು ಸಂಗತಿ ಹೇಳಿ ಎಂದರೆ ನಾನು ಅದನ್ನೇ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಸಾಕು ಎನ್ನುತ್ತದೆ. ಈ ಲೆಕ್ಕದಲ್ಲಿ ಐದು ಜನರ ಮನೆಗೆ ಉಪ್ಪಿನಕಾಯಿ, ಹಪ್ಪಳ, ಅಂಗಡಿ ತಿಂಡಿ ಎಲ್ಲ ಸೇರಿ ತಿಂಗಳಿಗೆ ಮುಕ್ಕಾಲು ಕೆ.ಜಿ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಪ್ಯಾಕೆಟ್ ತರುತ್ತೀರಿ ಎಂದು ಒಮ್ಮೆ ಯೋಚಿಸಿ. ನಮ್ಮ ಭಾಗದ ಅದೃಷ್ಟವೆಂದರೆ ರಾಗಿಮುದ್ದೆಗೂ ಜೋಳದ ರೊಟ್ಟಿಗೂ ಉಪ್ಪು ಹೆಚ್ಚಾಗಿ ಬೇಕಿಲ್ಲ. ಅದು ಬರುವುದು ಜೊತೆಗಿರುವ ಸಾರು, ಚಟ್ನಿಪುಡಿ, ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿಗಳಿಂದ. ಸಂಜೆಯ ಮಂಡಕ್ಕಿ ಮೆಣಸಿನಕಾಯಿಯನ್ನು ಬಿಡಿ ಎಂದರೆ ದಾವಣಗೆರೆಯಲ್ಲಿ ಯಾರೂ ಕೇಳುವುದಿಲ್ಲವೆಂದು ನನಗೆ ಗೊತ್ತು. ಆದರೆ ಬಜ್ಜಿಯ ಹಿಟ್ಟಿಗೆ ಹಾಕುವ ಅಡುಗೆ ಸೋಡದಲ್ಲೂ ಸೋಡಿಯಂ ಇದೆ ಎಂಬುದು ನೆನಪಿರಲಿ, ವಾರಕ್ಕೊಮ್ಮೆಗೆ ಇಳಿಸಿ. ಸಾರಿಗೆ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತಾ ಬಂದರೆ ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ. ನಿಂಬೆರಸ, ಹುಣಸೆ, ಕೊತ್ತಂಬರಿ ಸೊಪ್ಪು ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ. ಸೈಂಧವ ಲವಣವೂ ಸೋಡಿಯಂ ಕ್ಲೋರೈಡೇ, ದುಬಾರಿ ಅಷ್ಟೆ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಶಿಯಂ ಬೆರೆಸಿರುತ್ತಾರೆ. ಟೆಲ್ಮಿಸಾರ್ಟಾನ್ ನುಂಗುವವರು, ಕಿಡ್ನಿ ಕುಂದಿದವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಬೇಳೆ, ಟೊಮೆಟೊ ಬಿಡುವ ಅಗತ್ಯ ನಿಮಗಿಲ್ಲ. ಟೊಮೆಟೊ ಬೀಜ ಕಿಡ್ನಿಯಲ್ಲಿ ಕಲ್ಲಾಗುವುದಿಲ್ಲ. ಕಲ್ಲಿನವರು ಹಾಲು, ಮೊಸರು ಬಿಡುತ್ತಾರೆ, ಅದೂ ತಪ್ಪು: ಆಹಾರದ ಕ್ಯಾಲ್ಸಿಯಂ, ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ಪದಾರ್ಥವನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ, ಅದಿಲ್ಲವಾದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಲ್ಲಿನ ಸಾಧ್ಯತೆ ಹೆಚ್ಚುತ್ತದೆ. ದೇಹದ ತೂಕದ ಪ್ರತಿ ಕೆ.ಜಿ.ಗೆ 0.8 ಗ್ರಾಂನಷ್ಟು ಪ್ರೋಟೀನ್ ಬೇಕೇ ಬೇಕು, ದಿನಾ ಒಂದೆರಡು ಬಟ್ಟಲು ಬೇಳೆ ಸಾರು ಅದನ್ನು ಮೀರಿಸುವುದಿಲ್ಲ. ಬೀಡಿ, ಸಿಗರೇಟು, ತಂಬಾಕು ಬೆರೆತ ಗುಟ್ಕಾ ಇದ್ದರೆ ಬಿಡಬೇಕು, ಇದರಲ್ಲಿ ರಾಜಿಯಿಲ್ಲ.

ಬೋರ್‌ವೆಲ್ ನೀರಿನ ಗಡಸುತನದಿಂದ ಕಿಡ್ನಿ ಹೋಗುತ್ತದೆ ಎಂಬುದು ಸಾಬೀತಾಗಿಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಅಂತರ್ಜಲದಲ್ಲಿ ಚಿಂತೆ ಫ್ಲೋರೈಡಿನದು. ಒಂದು ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಹೆಚ್ಚಾದರೆ ಹಲ್ಲು ಕಂದುಗಟ್ಟಿ ಮೂಳೆ ಬಿಗಿಯುತ್ತದೆ. ಕಿಡ್ನಿ ಕುಂದಿದವರ ದೇಹದಲ್ಲಿ ಫ್ಲೋರೈಡ್ ಹೊರಹೋಗದೆ ಇನ್ನಷ್ಟು ಉಳಿಯುತ್ತದೆ. ಕುದಿಸುವುದರಿಂದ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ಯಂತ್ರ ಮಾರುವವರ ಮಾತು ಕೇಳುವ ಮೊದಲು ನಿಮ್ಮ ಬೋರ್‌ವೆಲ್ ನೀರನ್ನು ಗ್ರಾಮ ಪಂಚಾಯಿತಿಯ ಮೂಲಕ ಪರೀಕ್ಷೆಗೆ ಕಳಿಸಿ. ಫ್ಲೋರೈಡ್ ಹೆಚ್ಚಿದ್ದರೆ ಆರ್‌ಒ ನೀರು ಸೂಕ್ತ, ಊರಿನ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅಲ್ಲಿಂದ ತಂದರೂ ಆಯಿತು. ಕುಡಿಯಲು, ಅಡುಗೆಗೆ ಎರಡಕ್ಕೂ ಅದೇ ನೀರು ಬಳಸಬೇಕು. ಹೆಚ್ಚಿಲ್ಲದಿದ್ದರೆ ಯಂತ್ರದ ಖರ್ಚು ನಿಮಗೆ ಬೇಕಿಲ್ಲ.

ನಿಮ್ಮ ಮುಂದೆ ಈಗ ಇರುವ ದಾರಿಗಳಲ್ಲಿ, ಮಾತ್ರೆಯಿಲ್ಲದೆ ಉಪ್ಪು ಕಡಿಮೆ ಮಾಡಿ, ನಡೆದಾಡಿ, ತೂಕ ಇಳಿಸಿ ನೋಡುತ್ತೇನೆ ಎನ್ನುವುದೂ ಒಂದು. 142, 145ರಲ್ಲಿದ್ದವರಿಗೆ ಕೆಲವು ತಿಂಗಳು ಆ ಅವಕಾಶ ಕೊಡುವುದುಂಟು. ತಂದೆಯ ಇತಿಹಾಸವೂ ನೊರೆಯ ಅನುಮಾನವೂ ಇರುವ, 158/96ರಲ್ಲಿರುವ ನಿಮಗೆ ಅದು ಸಾಲದು. ಗುರಿ 130/80ಕ್ಕಿಂತ ಕೆಳಗಿರಬೇಕು. ಹಳೆಯ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಾಳೆಯಿಂದ ಶುರು ಮಾಡುವುದೂ ಬೇಡ. ಡೈಕ್ಲೋಫೆನಾಕ್ ಇಂದೇ ನಿಲ್ಲಿಸಿ, ಈ ವಾರದಲ್ಲೇ ತಾಲ್ಲೂಕು ಆಸ್ಪತ್ರೆಯಲ್ಲೋ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯರನ್ನು ಕಂಡು, ಕ್ರಿಯಾಟಿನಿನ್, ಪೊಟ್ಯಾಶಿಯಂ, ಮೂತ್ರದ ಆಲ್ಬುಮಿನ್ ನೋಡಿಸಿ, ಅವರು ಬರೆದ ಪ್ರಮಾಣದಲ್ಲಿ ಆರಂಭಿಸಿ. ಎರಡು ವಾರಕ್ಕೆ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸಿ. ಆಲ್ಬುಮಿನ್ ಹೆಚ್ಚು ಬಂದರೆ ಡಾಪಾಗ್ಲಿಫ್ಲೋಜಿನ್‌ನಂತಹ ಔಷಧಿಗಳೂ ಇವೆ, ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಅವು ಕಿಡ್ನಿ ಕುಂದುವುದನ್ನು ನಿಧಾನಗೊಳಿಸುತ್ತವೆ. ಬೇಕೇ ಬೇಡವೇ ಎಂಬುದನ್ನು ವರದಿ ನೋಡಿದವರು ಹೇಳುತ್ತಾರೆ. ಕಾಲು, ಮುಖ ಊದಿಕೊಂಡರೆ, ಮೂತ್ರದ ಪ್ರಮಾಣ ಇಳಿದರೆ, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಬಿ.ಪಿ. 180/120 ಮುಟ್ಟಿದರೆ ವಾರ ಕಾಯದೆ ಅಂದೇ ಹೋಗಬೇಕು.

ಮಗನ ಪ್ರೋಟೀನ್ ಪುಡಿಯ ಬಗ್ಗೆ: ಆರೋಗ್ಯವಂತ ಹುಡುಗ ಮಿತವಾಗಿ ತಿಂದರೆ ಕಿಡ್ನಿ ಹಾಳಾಗುತ್ತದೆಂಬುದಕ್ಕೆ ಪುರಾವೆಯಿಲ್ಲ. ನನ್ನ ಅಳುಕು ಜಿಮ್‌ನಲ್ಲಿ ಬಿಡಿಯಾಗಿ ಮಾರುವ, ಒಳಗೆ ಏನಿದೆಯೆಂದು ಗೊತ್ತಿಲ್ಲದ ಪುಡಿಗಳ ಬಗ್ಗೆ, ಮೈಕಟ್ಟಿಗೆಂದು ಚುಚ್ಚಿಸಿಕೊಳ್ಳುವ ಸ್ಟೀರಾಯ್ಡ್‌ಗಳ ಬಗ್ಗೆ, ಮೈನೋವಿಗೆ ಗೆಳೆಯರು ಕೊಡುವ ಅದೇ ನೋವಿನ ಮಾತ್ರೆಗಳ ಬಗ್ಗೆ. ಕ್ರಿಯೇಟಿನ್ ಎಂಬ ಪುಡಿ ತಿನ್ನುತ್ತಿದ್ದರೆ ರಕ್ತದಲ್ಲಿ ಕ್ರಿಯಾಟಿನಿನ್ ಅಂಕಿ ಏರಿ ಕಾಣಿಸಬಹುದು, ಅದನ್ನು ಪರೀಕ್ಷೆ ಮಾಡುವವರಿಗೆ ಮೊದಲೇ ತಿಳಿಸಲಿ. ಶೇಂಗಾ, ಮೊಟ್ಟೆ, ಮೊಳಕೆ ಕಾಳು, ಮೊಸರು ನಿಮ್ಮ ಮನೆಯಲ್ಲೇ ಇರುವಾಗ ಆ ಪುಡಿ ಬೇಕೇ ಎಂದು ಕೇಳಿದರೆ ಬೇಡವೆಂದೇ ಹೇಳುತ್ತೇನೆ. ಅಜ್ಜನಿಗೆ ಕಿಡ್ನಿ ಕಾಯಿಲೆ, ಅಪ್ಪನಿಗೆ ಬಿ.ಪಿ. ಇರುವುದರಿಂದ ನೀವು ಆಸ್ಪತ್ರೆಗೆ ಹೋಗುವ ದಿನ ಅವನನ್ನೂ ಕರೆದೊಯ್ದು ಬಿ.ಪಿ. ಅಳೆಸಿ, ಒಂದು ಮೂತ್ರ ಪರೀಕ್ಷೆ ಮಾಡಿಸಿ.